ಗಾಳಿಯಲ್ಲಿ ಬೆರಳಾಡಿಸಿ ಲಗ್ನಪತ್ರಿಕೆ ಮಾಡಲು ಹೋದ ಕತೆ

ಮಂಡ್ಯದಲ್ಲಿ ಡಿಟಿಪಿ ಅಂಗಡಿ ಇಟ್ಟವನಿಗೆ ಮದುವೆ ಸೀಸನ್ನಿನಲ್ಲಿ ಬಲಗೈ ತನ್ನದಾಗಿರಲ್ಲ. ಲಗ್ನಪತ್ರಿಕೆ, ಅದರ ಬೆನ್ನಿಗೇ ಬೀಗರೂಟದ ಕಾರ್ಡು, ಮಧ್ಯೆ ಯಾರದೋ ತಿಥಿ ಕಾರ್ಡು. ಹೋದ ಸೀಸನ್ ಮುಗಿಯುವಷ್ಟರಲ್ಲಿ ಮೌಸ್ ಹಿಡಿದರೆ ಸಾಕು, ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಚಳುಕು ಹೊಡೆಯುತ್ತಿತ್ತು. ಆಗ ಗೆಳೆಯನೊಬ್ಬನ ಬೀರುವಿನಲ್ಲಿ ಧೂಳು ಹಿಡಿದು ಕೂತಿದ್ದ, ಗಾಳಿಯಲ್ಲಿ ಕೈಯಾಡಿಸಿ ಕಂಪ್ಯೂಟರ್ ನಡೆಸೋ ಲೀಪ್ ಮೋಷನ್ ಕಂಟ್ರೋಲರ್ ನೆನಪಾಯ್ತು. ಮೌಸ್ ಮುಟ್ಟದೇ ಕೆಲಸ ಮಾಡಿದರೆ ನೋವೂ ಇರಲ್ಲವಲ್ಲ ಅಂತ ಲೆಕ್ಕ ಹಾಕಿ ತಂದೆ.

2013ರಲ್ಲಿ ಸುಮಾರು 80 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಸಾಮಾನು ಅದು. ಬೆಂಕಿಪೊಟ್ಟಣಕ್ಕಿಂತ ಒಂಚೂರು ಉದ್ದ. ಒಳಗೆ ಎರಡು ಪುಟ್ಟ ಕ್ಯಾಮೆರಾ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲುವ ಮೂರು ಎಲ್‌ಇಡಿ. ಕೀಬೋರ್ಡಿಗೂ ಮಾನಿಟರಿಗೂ ನಡುವೆ ಅಂಗಾತ ಇಟ್ಟರೆ, ಮೇಲೆ ಎರಡಡಿಯೊಳಗೆ ಆಡುವ ಕೈಯನ್ನು ನೋಡುತ್ತದೆ. ಎರಡು ಕ್ಯಾಮೆರಾಗೆ ಕಾಣುವ ಚಿತ್ರದ ವ್ಯತ್ಯಾಸದಿಂದ ಬೆರಳು ಎಷ್ಟು ದೂರದಲ್ಲಿದೆ ಅಂತ ಲೆಕ್ಕ. ಆ ಲೆಕ್ಕ ಮಾಡೋದು ಮಾತ್ರ ನಮ್ಮ ಕಂಪ್ಯೂಟರೇ. ನನ್ನ ಹಳೇ ಮಷೀನಿನ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗೋಕೆ ಶುರುವಾಯ್ತು.

ಮೊದಲ ಅರ್ಧ ಗಂಟೆ ಮಜವಾಗಿತ್ತು. ಪರದೆ ಮೇಲೆ ನನ್ನ ಕೈಯ ಮೂಳೆಗೂಡು ಮೂಡಿ, ಕಿರುಬೆರಳು ಅಲ್ಲಾಡಿಸಿದರೆ ಅದೂ ಅಲ್ಲಾಡಿಸ್ತು. ಪಕ್ಕದ ಟೀ ಅಂಗಡಿಯವನು ಲೋಟ ಇಡೋಕೆ ಬಂದು, ‘ಇದ್ಯಾಕಣ್ಣ, ಸೊಳ್ಳೆ ಹೊಡಿತಿದ್ದೀಯಾ?’ ಅಂದ. ಸಂಜೆ ನಾಲ್ಕಾಯ್ತು, ಪಡುವಣ ಬಾಗಿಲಿನಿಂದ ಬಿಸಿಲು ಮೇಜಿಗೆ ಬಿತ್ತು. ಮೂಳೆಗೂಡಿಗೆ ನಡುಕ ಹತ್ತಿತು. ಬಿಸಿಲಲ್ಲೂ ಇನ್‌ಫ್ರಾರೆಡ್ ಇರೋದರಿಂದ ಕ್ಯಾಮೆರಾಗೆ ಕಣ್ಣು ಕುಕ್ಕುತ್ತೆ. ಬಾಗಿಲಿನ ಪರದೆ ಎಳೆದೆ, ಸರಿಹೋಯ್ತು. ಟ್ಯೂಬ್‌ಲೈಟಿನಿಂದ ಏನೂ ತೊಂದರೆಯಿರಲಿಲ್ಲ.

ಕಷ್ಟವೆಲ್ಲ ಕ್ಲಿಕ್ಕಿನಲ್ಲಿತ್ತು. ಟಚ್‌ಲೆಸ್ ಅನ್ನೋ ಆಪ್‌ನಲ್ಲಿ ನಮ್ಮೆದುರು ಒಂದು ಕಾಣದ ಗಾಜು ಇದೆ ಅಂದುಕೊಳ್ಳಬೇಕು. ಗಾಜಿನ ಈಚೆ ಬೆರಳಾಡಿಸಿದರೆ ಬಾಣ ಓಡಾಡುತ್ತೆ, ಗಾಜು ದಾಟಿಸಿ ತಳ್ಳಿದರೆ ಕ್ಲಿಕ್. ಆದರೆ ಬೆರಳು ನೆಟ್ಟಗೆ ಮುಂದಕ್ಕೆ ಹೋಗಲ್ಲ. ಮೊಣಕೈಯಿಂದ ಕೈ ಚಾಚಿದಾಗ ತುದಿ ಒಂಚೂರು ಕೆಳಕ್ಕೆ ಜಗ್ಗುತ್ತೆ, ಅದರ ಜೊತೆಗೆ ಬಾಣವೂ. ಡಿಸೈನ್ ಮಾಡೋ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ‘ಸೇವ್’ ಒತ್ತಿದೆ ಅಂದುಕೊಂಡರೆ ಕೆಳಗಿನ ‘ಸೇವ್ ಆ್ಯಸ್’ ಬಾಯಿ ತೆರೀತಿತ್ತು. ಬೇಕಾದ್ದಕ್ಕಿಂತ ಒಂದು ಗೆರೆ ಮೇಲೆ ಗುರಿಯಿಟ್ಟು ತಳ್ಳೋ ಅಭ್ಯಾಸ ಮಾಡಿಕೊಂಡೆ. ದೊಡ್ಡ ಗುಂಡಿಗಳಿಗೆ ಅದು ನಡೀತು. ‘ಸುಮುಹೂರ್ತ’ದ ಅರ್ಕಾವತ್ತು ಹಿಡಿದು ಪಕ್ಕಕ್ಕೆ ಸರಿಸೋ ಕೆಲಸಕ್ಕೆ ನಡೀಲಿಲ್ಲ.

ಇನ್ನೊಂದು ಪಜೀತಿ ನಮ್ಮೂರಿನದೇ. ನಮ್ಮ ಕಡೆ ಕೈ ಕಟ್ಟಿಹಾಕಿದರೆ ಯಾರಿಗೂ ಮಾತೇ ಹೊರಡಲ್ಲ. ಮದ್ದೂರಿನ ಕಡೆಯ ಹೆಣ್ಣಿನ ತಂದೆ ಪ್ರೂಫ್ ನೋಡೋಕೆ ಬಂದರು. ‘ಗಣಪತಿ ಇನ್ನೊಸಿ ಮ್ಯಾಕಿರ್ಲಿ ಕಣಪ್ಪ, ಮಗಳ ಹೆಸ್ರು ಇಷ್ಟ್ ದಪ್ಪ ಬರ್ಬೇಕು’ ಅಂತ ಮೇಜಿನ ಮೇಲೆ ಎರಡೂ ಕೈ ಅಗಲಿಸಿದರು. ಪತ್ರಿಕೆ ಪರದೆಯಾಚೆ ಎಲ್ಲೋ ಹಾರಿಹೋಯ್ತು. ಗಾಬರಿಯಾಗಿ ಕೈ ಹಿಂದಕ್ಕೆಳೆದು, ‘ನಾನೇನೂ ಮುಟ್ನಿಲ್ಲ’ ಅಂದರು. ನಿಜ, ಅವರು ಏನೂ ಮುಟ್ಟಿರಲಿಲ್ಲ.

ನಾಲ್ಕನೇ ದಿನಕ್ಕೆ ಮಣಿಕಟ್ಟಿನ ನೋವು ಇಳಿದು ಭುಜಕ್ಕೆ ಹತ್ತಿತ್ತು. ಮೊಣಕೈ ಮೇಜಿಗೆ ಊರಿದರೆ ಕೈ ತಗ್ಗಾಯ್ತು, ಊರದಿದ್ದರೆ ಹತ್ತು ನಿಮಿಷಕ್ಕೆ ತೋಳು ಕಲ್ಲು. ದಪ್ಪ ಪುಸ್ತಕ ಪೇರಿಸಿ ಅದರ ಮೇಲೆ ಮೊಣಕೈ ಇಟ್ಟೂ ನೋಡಿದೆ.

ಪಿ.ಇ.ಎಸ್. ಕಾಲೇಜಿನಲ್ಲಿ ಓದೋ ಅಕ್ಕನ ಮಗ, ‘ಮಾಮ, ಈ ಡಬ್ಬಿ ಯಾಕೆ, ವೆಬ್‌ಕ್ಯಾಮ್ ಸಾಕು’ ಅಂದ. ಗೂಗಲ್‌ನ ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಕ್ಯಾಮೆರಾ ಚಿತ್ರ ನೋಡಿ ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತೆ: ಹೆಬ್ಬೆರಳ ತುದಿ 4, ತೋರುಬೆರಳ ತುದಿ 8. ಚಿಟಿಕೆ ಉಪ್ಪು ಹಿಡಿದ ಹಾಗೆ ಇವೆರಡೂ ಹತ್ತಿರ ಬಂದರೆ ಕ್ಲಿಕ್ ಆಗೋ ಥರ ಅವನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದ. ತಳ್ಳೋದು ತಪ್ಪಿತು, ಬಾಣ ಜಗ್ಗೋದೂ ಮುಕ್ಕಾಲು ಪಾಲು ನಿಂತಿತು. ಆದರೆ ಕುರ್ಚಿ ಹಿಂದಕ್ಕೆ ಜರುಗಿಸಿದರೆ ತಂತಾನೇ ಕ್ಲಿಕ್ಕಾಗಿಬಿಡ್ತಿತ್ತು. ಕೈ ದೂರ ಹೋದಂತೆ ಚಿತ್ರದಲ್ಲಿ ಬೆರಳುಗಳ ಅಂತರವೂ ಕಿರಿದಾಗುತ್ತಲ್ಲ. ಮಣಿಕಟ್ಟಿನಿಂದ ನಡುಬೆರಳ ಬುಡದವರೆಗಿನ ಉದ್ದದಿಂದ ಆ ಅಂತರವನ್ನು ಭಾಗಿಸಿ ನೋಡು ಅಂದೆ. ನಮ್ಮ ಡಿಟಿಪಿ ಬುದ್ಧಿ, ಯಾವಾಗಲೂ ಪ್ರಪೋರ್ಷನ್ನೇ. ಸರಿಹೋಯ್ತು. ನಡುಕ ತಡೆಯೋಕೆ ಹಿಂದಿನ ಕೆಲವು ಫ್ರೇಮಿನಲ್ಲಿ, ಅಂದರೆ ಕ್ಯಾಮೆರಾ ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ, ಬೆರಳಿದ್ದ ಜಾಗದ ಸರಾಸರಿ ಹಿಡಿದ. ಆಗ ಬಾಣ ನನ್ನ ಕೈಯ ಹಿಂದೆ ಕುಂಟುತ್ತಾ ಬರೋಕೆ ಶುರುವಾಯ್ತು. ಎಷ್ಟು ಸರಾಸರಿ ಅನ್ನೋದರ ಬಗ್ಗೆ ನಮ್ಮಿಬ್ಬರಿಗೂ ಇನ್ನೂ ಜಗಳ.

ಈಗ ಆ ಸ್ಕ್ರಿಪ್ಟನ್ನು ಕಾರ್ಡು ಮಡಿಸಿ ಅಂಟಿಸೋ ಹೊತ್ತಿನಲ್ಲಿ ಮಾತ್ರ ಹಾಕ್ತೀನಿ. ಹತ್ತೂ ಬೆರಳಿಗೆ ಗೋಂದು ಮೆತ್ತಿರುವಾಗ ಅಂಗೈ ಎತ್ತಿದರೆ ಪರದೆಯಲ್ಲಿ ಮುಂದಿನ ಆರ್ಡರಿನ ಪುಟ ಬರುತ್ತೆ, ಅಷ್ಟೇ ಕೆಲಸ ಅದಕ್ಕೆ. ಡಿಸೈನಿಗೆ ಮೌಸೇ. ಎಡಗೈಗೆ ಬದಲಾಯಿಸಿಕೊಂಡಿದ್ದೀನಿ, ಮೂರು ವಾರ ಅಕ್ಷರಗಳು ಕುಡಿದವರ ಥರ ಕೂತವು, ಈಗ ನೆಟ್ಟಗಿವೆ. ಲೀಪ್ ಮೋಷನ್ ವಾಪಸ್ ಕೊಡೋಕೆ ಹೋದರೆ ಗೆಳೆಯ, ‘ನೀನೇ ಇಟ್ಕೊ’ ಅಂದ.