ಎರೆ ಮಣ್ಣಲ್ಲಿ ಮನೆ ಕಟ್ಟೋರು ಗುದ್ದಲಿ ಪೂಜೆಗೆ ಮುಂಚೆ ಇದನ್ನ ಓದ್ಕೊಳ್ಳಿ

ನಮ್ಮದು ದಾವಣಗೆರೆ ಕಡೆ, 30 ಬೈ 40 ಸೈಟು. ಮನೆ ಕಟ್ಟಿ ಮೂರನೇ ಬೇಸಿಗೆಗೆ ಅಡುಗೆಮನೆ ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದು ಬಿರುಕು ಬಂತು, ಮಳೆಗಾಲ ಬಂದ್ರೆ ಮುಚ್ಕೊಳ್ಳೋದು, ಮಾರ್ಚ್ ಬಂದ್ರೆ ಮತ್ತೆ ಬಾಯಿ ಬಿಡೋದು. ಎರಡು ಸಲ ಪುಟ್ಟಿ ಹಾಕ್ಸಿ ಬಣ್ಣ ಹೊಡೆಸಿದೆ, ದುಡ್ಡು ದಂಡ. ಆಮೇಲೆ ಗೊತ್ತಾಗಿದ್ದು, ತಪ್ಪು ಗೋಡೇದಲ್ಲ, ಕೆಳಗಿನ ಮಣ್ಣಿಗೆ ನೀರು ಇಳೀತಾ ಆರ್ತಾ ಇದೆ ಅಂತ. ಈಗ ತಮ್ಮನ ಮನೆ ಕೆಲಸ ನಾನೇ ನಿಂತು ಮಾಡಿಸ್ತಾ ಇದೀನಿ, ಕಲಿತಿದ್ದನ್ನ ಬರೀತೀನಿ.

ಮೊದ್ಲು ಮಣ್ಣು ನೋಡಿ. ಎರೆ ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ, ಬೇಸಿಗೇಲಿ ಹೊಲದಲ್ಲಿ ಕಾಲು ಸಿಕ್ಕಾಕ್ಕೊಳ್ಳೋವಷ್ಟು ಬಿರುಕು ಬಿಡುತ್ತಲ್ಲ ಅದೇ ಆಟ ನಿಮ್ಮ ಪಾಯದ ಕೆಳಗೂ ನಡೆಯುತ್ತೆ. ಸೈಟಿನ ಎರಡು ಮೂಲೇಲಿ ಜೆಸಿಬಿಲಿ ಗುಂಡಿ ತೆಗೆಸಿ, ಎರೆ ಎಷ್ಟಡಿ ಇದೆ, ಗರಸು, ಅಂದ್ರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಎಲ್ಲಿ ಸಿಗುತ್ತೆ ನೋಡಿ. ನಾಲ್ಕೈದು ಅಡಿಗೆ ಗರಸು ಸಿಕ್ರೆ ಪುಣ್ಯವಂತರು, ಎರೆ ಪೂರ್ತಿ ತೆಗೆದು ಗಟ್ಟಿ ಪದರದ ಮೇಲೇ ಪಾಯ ಕೂರಿಸಿ. ಇನ್ನೂ ಆಳ ಹೋಗುತ್ತೆ ಅಂದ್ರೆ ಮೇಸ್ತ್ರಿ ಮಾತು ಸಾಕಾಗಲ್ಲ, ಮಣ್ಣು ಟೆಸ್ಟ್ ಮಾಡ್ಸಿ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಹೋಗಿ. ಅಂಡರ್ ರೀಮ್ಡ್ ಪೈಲ್ ಅಂತ ಇದೆ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐನೋರು ಇಂಥ ಮಣ್ಣಿಗೇ ಅಂತ ಬೆಳೆಸಿದ್ದು, ಕಾಂಕ್ರೀಟ್ ಕಂಬದ ತಳ ಗಂಟೆ ಥರ ಅಗಲ ಆಗುತ್ತೆ, ಸುಮಾರು ಕಂಬದ ಎರಡೂವರೆ ಪಟ್ಟು, ಮಣ್ಣು ಮೇಲಕ್ಕೆ ಎತ್ತಿದ್ರೂ ಅದು ಕಚ್ಕೊಂಡು ನಿಲ್ಲುತ್ತೆ. ಸಾಮಾನ್ಯವಾಗಿ 3.5 ಮೀಟರ್ ಆಳಕ್ಕೆ ಇಳಿಸ್ತಾರೆ, ಯಾಕಂದ್ರೆ ಅಷ್ಟು ಕೆಳಗೆ ಹೋದ್ರೆ ಮಳೆ ಬಿಸಿಲಿಗೆ ಮಣ್ಣಿನ ತೇವ ಅಷ್ಟಾಗಿ ಬದಲಾಗಲ್ಲ. ಅದರ ಮೇಲಿನ ಬೀಮ್ ಮಣ್ಣಿಗೆ ತಾಗಬಾರದು, ಕೆಳಗೆ ಒಂದಿಷ್ಟು ಗ್ಯಾಪ್ ಬಿಡಿಸಿ.

ಸೈಜುಗಲ್ಲಿನ ಪಾಯ ಆದ್ರೆ ಒಂದು ಕಳ್ಳತನ ನಡೆಯುತ್ತೆ, ಕಲ್ಲನ್ನ ಗಾರೆ ಇಲ್ದೆ ಹಾಗೇ ಜೋಡಿಸ್ಕೊಂಡು ಹೋಗಿ ಕೊನೇಲಿ ಮೇಲಿಂದ ನೀರು ನೀರು ಸಿಮೆಂಟ್ ಸುರೀತಾರೆ, ನೋಡೋಕೆ ಚೆನ್ನಾಗಿರುತ್ತೆ ಒಳಗೆ ಪೊಳ್ಳು. ಪ್ರತಿ ಕಲ್ಲೂ ಗಾರೆ ಮೇಲೆ ಕೂರಬೇಕು, ಸಂದಿಗೆ ಚಕ್ಕೆ ಕಲ್ಲು ಗಾರೆ ಸೇರಿಸಿ ಹೊಡಿಬೇಕು, ಮಧ್ಯೆ ಮಧ್ಯೆ ಗೋಡೆ ಪೂರ್ತಿ ಅಗಲಕ್ಕೆ ಅಡ್ಡ ಬರೋ ಉದ್ದ ಕಲ್ಲು ಇಡಿಸಿ, ಇಲ್ಲಾಂದ್ರೆ ಎರಡು ಮುಖ ಬೇರೆ ಬೇರೆ ಆಗುತ್ತೆ. ನಾನು ಆ ದಿನ ಪೂರ್ತಿ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಮೇಸ್ತ್ರಿಗೆ ಸಿಟ್ಟು ಬಂತು, ಬರ್ಲಿ.

ಪಾಯದ ಗುರುತಿಗೆ ದಾರ ಕಟ್ಟಿದಾಗ ಮೂಲೆ ಲಂಬಕೋನಕ್ಕೆ ಸರಿ ಇದೆಯಾ ಅಂತ ನೀವೇ ನೋಡ್ಕೋಬಹುದು. ಮೂಲೆಯಿಂದ ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ, ಅಡ್ಡ ಅಳತೆ ಸರಿಯಾಗಿ 5 ಅಡಿ ಬರಬೇಕು.

ಪಾಯದ ಮೇಲೆ ಆರ್‌ಸಿಸಿ ಪ್ಲಿಂತ್ ಬೀಮ್, ಅಂದ್ರೆ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ, ಬೇಕೇ ಬೇಕು, ಎಲ್ಲಾ ಗೋಡೆ ಕೆಳಗೂ, ಕಂಬಿ ಲೆಕ್ಕ ಇಂಜಿನಿಯರ್ ಕೊಟ್ಟಿದ್ದೇ ಫೈನಲ್. ಕಂಬಿ ಕೆಳಗೆ ಜಲ್ಲಿ ಚೂರು ಸಿಗಿಸಬೇಡಿ, ಕವರ್ ಬ್ಲಾಕ್ ಇಡಿ, ಪಿಲ್ಲರ್ ಕೆಳಗಿನ ಫುಟಿಂಗಿಗೆ 50 ಎಂಎಂ ಕವರ್, ಅಂದ್ರೆ ಕಂಬಿ ಆಚೆ ಅಷ್ಟು ದಪ್ಪ ಕಾಂಕ್ರೀಟ್, ಇರಲೇಬೇಕು. ಪ್ಲಿಂತ್, ಅಂದ್ರೆ ಹೊರಗಿನ ಮಟ್ಟದಿಂದ ಮನೆ ನೆಲದವರೆಗಿನ ಕಟ್ಟೆ, ಅದರ ಎತ್ತರದಲ್ಲಿ ಜಿಪುಣತನ ಬೇಡ. ಪ್ರತಿ ಸಲ ಟಾರ್ ಹಾಕ್ದಾಗ ರೋಡ್ ಮೇಲೆ ಬರುತ್ತೆ, ಹತ್ತು ವರ್ಷದಲ್ಲಿ ಮನೆ ತಗ್ಗಿಗೆ ಹೋಗಿ ಮೋರಿ ನೀರು ಬಾಗಿಲಿಗೆ ಬಂದಿರೋದು ನಮ್ಮ ಬೀದೀಲೇ ಇದೆ.

ಕಾಂಕ್ರೀಟ್ ವಿಷ್ಯಕ್ಕೆ ಬಂದ್ರೆ, ಕೆಲಸದೋರಿಗೆ ನೀರು ಜಾಸ್ತಿ ಇದ್ರೆ ಎಳೆಯೋಕೆ ಸುಲಭ, ಅದಕ್ಕೆ ಪೈಪ್ ಹಿಡಿದು ಬಿಡ್ತಾನೇ ಇರ್ತಾರೆ. ಎಂ20 ದರ್ಜೆ ಕಾಂಕ್ರೀಟಿಗೆ 50 ಕೆಜಿ ಸಿಮೆಂಟ್ ಮೂಟೆಗೆ ಹೆಚ್ಚಂದ್ರೆ 30 ಲೀಟರ್ ನೀರು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತೆ, ಮರಳಲ್ಲಿರೋ ಒದ್ದೆನೂ ಸೇರಿ. ಬಕೆಟ್ ಲೆಕ್ಕ ಇಡಿ. ಮೂಟೆ ಸಿಮೆಂಟ್ ಜಾಸ್ತಿ ಹಾಕಿದೀನಿ ಸಾರ್ ಅಂತ ಸಮಾಧಾನ ಹೇಳ್ತಾರೆ, ನೀರು ಜಾಸ್ತಿ ಆದ್ಮೇಲೆ ಆ ಮೂಟೆ ಹೋದಂಗೇ.

ಇಲ್ಲಿ ಜಾಸ್ತಿ ಆದ ನೀರು ಮಾರನೇ ದಿನ ಕ್ಯೂರಿಂಗಲ್ಲಿ, ಅಂದ್ರೆ ಹಾಕಿದ ಕಾಂಕ್ರೀಟ್ ಒದ್ದೆ ಇಡೋದ್ರಲ್ಲಿ, ಕಮ್ಮಿ ಆಗುತ್ತೆ, ಅದೇ ದೊಡ್ಡ ತಮಾಷೆ. ಒಪಿಸಿ (ಮಾಮೂಲಿ ಸಿಮೆಂಟ್) ಆದ್ರೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಆದ್ರೆ 10 ದಿನ, ನಮ್ಮ ಏಪ್ರಿಲ್ ಬಿಸಿಲಿಗೆ 14 ದಿನ ಒದ್ದೆ ಇಟ್ರೆ ಒಳ್ಳೇದು. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಹೊಡೆದು ಬಿಟ್ರೆ ಮಧ್ಯಾಹ್ನ ಒಣಗಿ ಬೆಳ್ಳಗಾಗಿರುತ್ತೆ, ಗೋಣಿಚೀಲ ಸುತ್ತಿ ನೆನೆಸಿ. ಕಂಟ್ರಾಕ್ಟರ್ ಮಾಡ್ತಾರೆ ಅಂತ ನಂಬ್ಕೊಂಡಿದ್ರೆ ನನ್ನ ಕಥೆನೇ ನಿಮ್ಮದೂ.

ಗೋಡೆಗೆ ಸಾಲಿಡ್ ಬ್ಲಾಕ್ ತಗೊಳ್ಳೋದಾದ್ರೆ ನಿನ್ನೆ ಮೊನ್ನೆ ಒತ್ತಿದ ಹಸಿ ಬ್ಲಾಕ್ ಬೇಡ, ಕಟ್ಟಿದ ಮೇಲೆ ಕುಗ್ಗಿ ಬಿರುಕು ಬಿಡುತ್ತೆ, ಮೂರ್ನಾಲ್ಕು ವಾರ ಆಗಿರೋದು ಕೇಳಿ. ಇಟ್ಟಿಗೆ ಆದ್ರೆ ನೀರಲ್ಲಿ ನೆನೆಸಿಯೇ ಕಟ್ಟಬೇಕು, ಸಾಲಿಡ್ ಬ್ಲಾಕಿಗೆ ಮೇಲ್ಮೈ ಸ್ವಲ್ಪ ಒದ್ದೆ ಮಾಡಿದ್ರೆ ಸಾಕು, ಇದನ್ನ ಉಲ್ಟಾ ಮಾಡೋರೇ ಜಾಸ್ತಿ. 1:6 ಗಾರೆ, ಸಂದಿ 10 ಎಂಎಂ ಆಸುಪಾಸು, ದಿನಕ್ಕೆ ನಾಲ್ಕು ಅಡಿ ಮೇಲೆ ಎಬ್ಬಿಸಬೇಡಿ, ಎರಡು ಮೂರು ವರಸೆಗೊಮ್ಮೆ ತೂಗುಗುಂಡು ಬಿಟ್ಟು ನೋಡ್ತಿರಿ. ಕಲಸಿಟ್ಟ ಗಾರೆ ಗಟ್ಟಿ ಆಯ್ತು ಅಂತ ಊಟ ಮುಗಿಸ್ಕೊಂಡು ಬಂದು ನೀರು ಹಾಕಿ ಮತ್ತೆ ಕಲಸಿದ್ರೆ ಎಸೆಸಿಬಿಡಿ. ಕಿಟಕಿ ಬಾಗಿಲ ಮೇಲೆ ಲಿಂಟಲ್ ತುಂಡು ತುಂಡಾಗಿ ಬೇಡ, ಮನೆ ಸುತ್ತ ಒಂದೇ ಪಟ್ಟಿ ಥರ ಓಡಿಸಿ. ಪಿಲ್ಲರೂ ಬ್ಲಾಕ್ ಗೋಡೆನೂ ಸೇರೋ ಕಡೆ ಪ್ಲಾಸ್ಟರಿಂಗ್‌ಗೆ ಮುಂಚೆ ಕೋಳಿ ಜಾಲರಿ ಹೊಡೆಸಿ. ನಾಲ್ಕಿಂಚಿನ ಗೋಡೇಲಿ ವೈರಿಂಗಿಗೆ ಅಡ್ಡಡ್ಡ ಕೊರೆಯೋಕೆ ಬಿಡಬೇಡಿ.

ನೆಲ. ಪ್ಲಿಂತ್ ಒಳಗೆ ತುಂಬೋಕೆ ಅಗೆದ ಎರೆ ಮಣ್ಣನ್ನೇ ವಾಪಸ್ ಹಾಕ್ತಾರೆ, ಫ್ರೀ ಅಲ್ವಾ. ಬೇಡ, ಗರಸು ತರಿಸಿ. ಆರಿಂಚು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆದು, ಆಮೇಲೆ ಮುಂದಿನ ಆರಿಂಚು. ಒಂದೇ ಸಲ ಎರಡಡಿ ತುಂಬಿದ್ರೆ ಟೈಲ್ಸ್ ಹಾಕಿ ವರ್ಷದಲ್ಲಿ ಸೋಫಾ ಕೆಳಗೆ ನೆಲ ಕೂರುತ್ತೆ, ತಟ್ಟಿದ್ರೆ ಟೊಳ್ಳು ಶಬ್ದ. ಗೆದ್ದಲಿನ ಔಷಧಿ ಹೊಡೆಸೋದು ಗರಸು ತುಂಬಿ ದಿಮ್ಮಸು ಹೊಡೆದಾದ ಮೇಲೆ, ಕಾಂಕ್ರೀಟಿಗೆ ಮುಂಚೆ. ಅದರ ಮೇಲೆ ನಾಲ್ಕಿಂಚು ಪಿಸಿಸಿ, ಅಂದ್ರೆ ಕಂಬಿ ಇಲ್ಲದ ಕಾಂಕ್ರೀಟ್. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ್ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲೇ ಟೈಲ್ಸ್.

ಕೊನೇಲಿ ದುಡ್ಡು ಖಾಲಿ ಆಗಿರುತ್ತೆ, ಆದ್ರೂ ಮನೆ ಸುತ್ತ ಮೂರಡಿ ಅಗಲ ಕಾಂಕ್ರೀಟ್ ಹಾಸು, ಹೊರಗಡೆಗೆ ಇಳಿಜಾರಾಗಿ, ಹಾಕಿಸಿಬಿಡಿ, ತಾರಸಿ ಪೈಪಿನ ನೀರು ಅದರಾಚೆ ಬೀಳ್ಲಿ. ನನ್ನ ಮನೆಗೆ ಹೋದ ವರ್ಷ ಇದೊಂದು ಮಾಡಿಸಿದೆ, ಗೋಡೆ ಪಕ್ಕದ ಬಾಳೆ ಗಿಡ ತೆಗೆಸಿದೆ, ದಿನಾ ಅದಕ್ಕೆ ನೀರು ಬಿಡ್ತಿದ್ರು ನಮ್ಮಮ್ಮ. ಈ ಮಾರ್ಚಲ್ಲಿ ಬಿರುಕು ಕೂದಲೆಳೆಯಷ್ಟೇ ಬಿಟ್ಟಿದೆ, ಅಮ್ಮ ಮಾತ್ರ ಇನ್ನೂ ಬಾಳೆ ಗಿಡ ಕೇಳ್ತಾನೇ ಇದಾರೆ.