ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅರಳುವ ರಥಪುಷ್ಪ: ನೆಡುವುದು ಹೀಗೆ

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ಚಿಟ್ಟೆ ಹಾರಾಡಬೇಕು ಅಂತ ಆಸೆಯಿದ್ದರೆ ರಥಪುಷ್ಪ ನೆಡಿ. ನಮ್ಮ ಕಾಸರಗೋಡಿನ ಮಣ್ಣಿಗೆ ಇದಕ್ಕಿಂತ ಸುಲಭದ ಗಿಡ ಕಡಿಮೆ. ಅಗಲ ಎಲೆ, ಅದರ ಮೇಲೆ ತೇರಿನ ಹಾಗೆ ಅಂತಸ್ತು ಅಂತಸ್ತಾಗಿ ಏರುವ ಕೇಸರಿ ಮಿಶ್ರಿತ ಕೆಂಪು ಗೊಂಚಲು. ಮಲಯಾಳಿ ನೆರೆಯವರು ಓಣಂ ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕೊಯ್ಯುವ ಕೃಷ್ಣಕಿರೀಟ ಇದೇ.

ಬೀಜ ಹುಡುಕಬೇಡಿ. ಹಳೆ ಗಿಡದ ಬೇರಿನಿಂದ ಸುತ್ತಲೂ ಮರಿಗಳು ಏಳುತ್ತವೆ, ಗೇಣುದ್ದದ್ದನ್ನು ಬೇರು ಸಮೇತ ಕಿತ್ತು ತನ್ನಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡುವುದು ಒಳ್ಳೆಯದು. ನಮ್ಮಲ್ಲಿ ಅರ್ಧ ಅಡಿ ಅಗೆದರೆ ಮುರಕಲ್ಲು (ಕೆಂಪುಕಲ್ಲು) ಸಿಗುತ್ತದೆ ಅಲ್ವಾ, ಹಾಗಾಗಿ ಒಂದೂವರೆ ಅಡಿ ಗುಂಡಿ ತೋಡಿ, ಮೇಲ್ಮಣ್ಣಿಗೆ ಸುಡುಮಣ್ಣು ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ತುಂಬಿ. ಬುಡದಲ್ಲಿ ನೀರು ನಿಲ್ಲಬಾರದು. ತೆಂಗಿನ ಮರದ ಅರೆನೆರಳು ಸಾಕು, ತೀರಾ ಕತ್ತಲಲ್ಲಿ ಹೂ ಕಡಿಮೆ. ಗಿಡದಿಂದ ಗಿಡಕ್ಕೆ ನಾಲ್ಕಡಿ ಬಿಡಿ.

ಮರಿ ಜಾಸ್ತಿಯಾಗಿ ಹಬ್ಬುವುದೇ ಇದರ ದೊಡ್ಡ ತೊಂದರೆ. ಮಳೆ ನಿಂತ ಮೇಲೆ ಹಾರೆ ಹಿಡಿದು ಬೇಡದ್ದನ್ನು ಕಿತ್ತು ಬಿಡಿ. ಹೂ ಮುಗಿದ ಮೇಲೆ ಗಿಡವನ್ನು ಒಂದಡಿಗೆ ಕಡಿದರೆ ಮುಂದಿನ ಮಳೆಗೆ ಹೊಸ ಚಿಗುರು ಬಲವಾಗಿ ಬರುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಮುಚ್ಚಿ, ಆಗಾಗ ನೀರು ಕೊಡಿ.

ಹೂವಿನ ಕೊಳವೆ ಸಪೂರ, ಮಕರಂದ ಅದರ ತಳದಲ್ಲಿ. ಉದ್ದ ನಾಲಿಗೆಯ ದೊಡ್ಡ ಚಿಟ್ಟೆಗಳಿಗೆ ಅದು ಸಲೀಸು, ಅವು ಕುಡಿಯುವಾಗ ಹೊರಗೆ ಚಾಚಿದ ಕೇಸರಗಳು ಮೈಗೆ, ರೆಕ್ಕೆಗೆ ಸವರಿ ಪರಾಗ ಅಂಟುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ, ಹಳದಿ-ಕಪ್ಪು ಬಣ್ಣದ ಸದರ್ನ್ ಬರ್ಡ್‌ವಿಂಗ್ ಕೂಡ ಈ ಹೂವಿಗೆ ಬರುತ್ತದೆ.

ಆದರೆ ಹೂವೊಂದೇ ಇದ್ದರೆ ಚಿಟ್ಟೆ ಬಂದು ಕುಡಿದು ಹೋಗುತ್ತದೆ, ಅಷ್ಟೇ. ಅದು ಮೊಟ್ಟೆ ಇಡಲು ಬೇರೆಯೇ ಗಿಡ ಬೇಕು. ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ ಬೇಕು, ಕಾಮನ್ ಮಾರ್ಮನ್ ಎಂಬ ಚಿಟ್ಟೆಗೆ ನಿಂಬೆಯೋ ಕರಿಬೇವೋ ಆಗುತ್ತದೆ. ಇವನ್ನೂ ಹತ್ತಿರದಲ್ಲೇ ನೆಡಿ.

ಇನ್ನು ವಿಷದ ಮಾತು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು, ಊರುಗಳೇ ನರಳಿದ ಜಿಲ್ಲೆ ನಮ್ಮದು. ಆ ಸಿಂಪಡಣೆ 2000ದ ಹೊತ್ತಿಗೆ ನಿಂತಿತು, ಜನರ ನೋವು ನಿಂತಿಲ್ಲ. ದಯವಿಟ್ಟು ಅಂಗಳದ ಗಿಡಕ್ಕೆ ಏನನ್ನೂ ಹೊಡೆಯಬೇಡಿ. ಕರಿಬೇವಿನ ಎಲೆಯಲ್ಲಿ ಹಸಿರು ಹುಳು ಕಂಡರೆ ಅದು ಚಿಟ್ಟೆಯ ಮರಿ ಅಂತ ಸುಮ್ನೆ ಬಿಟ್ಟುಬಿಡಿ, ಸಾರಿಗೆ ಬೇಕಾದಷ್ಟು ಎಲೆ ಪಕ್ಕದ ಗೆಲ್ಲಿನಲ್ಲಿ ಸಿಗುತ್ತದೆ.