ರಸ್ತೆ ಧೂಳು ತೂಗಿದ ಮೇಲೆ ಕೂಡಿದ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟು ಹೊಗೆ, ಎಷ್ಟು ಧೂಳು ಏಳುತ್ತದೆ ಅನ್ನುವ ಲೆಕ್ಕ ಕಟ್ಟುತ್ತಿದ್ದೇನೆ. ದೇಶದ ಹೊಗೆಯ ಅಂಕಿಯನ್ನು ಜನಸಂಖ್ಯೆಯಿಂದ ಹಂಚಿ ಅವಳಿನಗರದ ಪಾಲು ತೆಗೆದರೆ ಸಾಕು, ರಸ್ತೆ ಗುಡಿಸಿ ತೂಗುವ ಉಸಾಬರಿ ಯಾಕೆ ಅಂತ ಈ ಕೆಲಸ ಬಲ್ಲವರೇ ಕೇಳಿದ್ದರು. ಆ ದಾರಿಯನ್ನೂ ಹಿಡಿದು ನೋಡಿದೆ. ಭೂಬಳಕೆ, ಅರಣ್ಯ ಬಿಟ್ಟು 2020ರಲ್ಲಿ ದೇಶದ ಹಸಿರುಮನೆ ಅನಿಲ 295.9 ಕೋಟಿ ಟನ್. 2011ರ ಜನಗಣತಿಯಂತೆ ಅವಳಿನಗರದ ಜನ 9.44 ಲಕ್ಷ, ಅಂದರೆ ದೇಶದ 0.078%. ಗುಣಿಸಿದರೆ 23 ಲಕ್ಷ ಟನ್. ಅದರಲ್ಲಿ 39% ವಿದ್ಯುತ್ ಉತ್ಪಾದನೆಯದು. ಹಾಗಾಗಿ 9 ಲಕ್ಷ ಟನ್ ಕಲ್ಲಿದ್ದಲ ಹೊಗೆ ಊರೊಳಗೆ ಬಂದು ಕೂತಂತಾಯಿತು. ಇಲ್ಲಿ ಉಷ್ಣ ಸ್ಥಾವರವೇ ಇಲ್ಲ. ನಮ್ಮ ದೀಪದ ಕಲ್ಲಿದ್ದಲು ಉರಿಯುವುದು ಕೂಡಗಿ, ರಾಯಚೂರು, ಬಳ್ಳಾರಿ ಕಡೆ. ಇಂಗಾಲ ಎಲ್ಲಿ ಉರಿದರೂ ಲೆಕ್ಕ ಒಂದೇ, ಆದರೆ ಮೂಗಿಗೆ ಬರುವ ಗಾಳಿ ಒಂದೇ ಅಲ್ಲ. ಗಂಧಕದ ಡೈಆಕ್ಸೈಡನ್ನು ಹೀಗೆ ಹಂಚಿದರಂತೂ ತಪ್ಪು ಇನ್ನೂ ದೊಡ್ಡದು, ದೇಶದಲ್ಲಿ ಅದರ ದೊಡ್ಡ ಪಾಲು ಆ ಸ್ಥಾವರಗಳ ಚಿಮಣಿಯದೇ.

ಹಾಗಾಗಿ ಹಾಳೆ ಎರಡು ಮಾಡಿದೆ. ಊರಿನ ಗಡಿಯೊಳಗೆ ಉರಿಯುವುದು, ಏಳುವುದು ಒಂದರಲ್ಲಿ. ಹೆಸ್ಕಾಂ ವಿದ್ಯುತ್ತಿನ ಯೂನಿಟ್ಟು ಇನ್ನೊಂದರಲ್ಲಿ, ಸಾವಿರ ಯೂನಿಟ್ಟಿಗೆ ಸುಮಾರು 720 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿದು. ಎರಡನ್ನೂ ಕೂಡಿಸಲೇಬಾರದು. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಇವೆ ಅಂತ ಗದಗಿನ ಯೂನಿಟ್ಟಿಗೆ ರಿಯಾಯಿತಿ ಕೊಡುವವರಿದ್ದಾರೆ. ಆ 720 ಇಡೀ ಗ್ರಿಡ್ಡಿನ ಸರಾಸರಿ, ಅದರಲ್ಲಿ ಆ ಗಾಳಿ ಆಗಲೇ ಸೇರಿದೆ, ಮತ್ತೆ ಕಳೆದರೆ ಎರಡು ಸಲ ಕಳೆದಂತೆ.

ದೇಶದ ಅಂಕಿಯನ್ನು ಪೂರ್ತಿ ಬಿಟ್ಟಿಲ್ಲ. ಸ್ಥಳೀಯ ದಾಖಲೆ ಸಿಗದ ವರ್ಷಗಳಿಗೆ ವಲಯವಾರು ಏರಿಳಿತದ ಅನುಪಾತವನ್ನಷ್ಟೇ ಅದರಿಂದ ತೆಗೆದುಕೊಳ್ಳುತ್ತೇನೆ, ಮೊತ್ತವನ್ನಲ್ಲ. ಇಲ್ಲೂ ಒಮ್ಮೆ ಕೆಟ್ಟಿತು. 2020ನ್ನು ನೂರು ಅಂತ ಹಿಡಿದಿದ್ದರಿಂದ ಮುಂದಿನ ವರ್ಷಗಳ ಸಾರಿಗೆ ಹೊಗೆ ಬೆಟ್ಟ ಹತ್ತಿದಂತೆ ಕಂಡಿತು. ಅದು ಲಾಕ್‌ಡೌನ್ ವರ್ಷ, ಭೂಬಳಕೆ, ಅರಣ್ಯವನ್ನೂ ಸೇರಿಸಿದ ದೇಶದ ಒಟ್ಟು ಮೊತ್ತವೇ 2019ಕ್ಕಿಂತ 7.93% ಇಳಿದಿತ್ತು. ಈಗ 2019ನ್ನೇ ಆಧಾರ ಮಾಡಿದ್ದೇನೆ. ಇನ್ನೊಂದು ಗುಂಡಿ ಮೀಥೇನ್: ಹಳೆಯ ಕೋಷ್ಟಕಗಳಲ್ಲಿ ಅದನ್ನು ಇಂಗಾಲದ ಡೈಆಕ್ಸೈಡಿಗೆ ಸಮ ಮಾಡುವ ಗುಣಕ 21, ಈಚಿನವುಗಳಲ್ಲಿ 28. ಎರಡು ಕಾಲದ ಕೋಷ್ಟಕ ಒಂದೇ ಹಾಳೆಗೆ ಅಂಟಿಸಿದರೆ ಒಂದು ಎಮ್ಮೆಯೂ ಹೆಚ್ಚಾಗದೆ ದನಕರುಗಳ ಪಾಲು ಮೂರನೇ ಒಂದರಷ್ಟು ಏರುತ್ತದೆ.

ಸಾರಿಗೆಗೆ ಮೊದಲು ಪಂಪಿನ ಡೀಸೆಲ್ ಮಾರಾಟ ಹಿಡಿದೆ, ಲೀಟರಿಗೆ 2.68 ಕೆಜಿಯಂತೆ. ರಸ್ತೆಯಲ್ಲಿ ಎಣಿಸಿದ ಓಡಾಟದ ಲೆಕ್ಕಕ್ಕಿಂತ ಅದು ಹೆಚ್ಚುಕಡಿಮೆ ಎರಡು ಪಟ್ಟು ಬಂತು. ಕಾರಣ ಹೆದ್ದಾರಿ 48. ಬೈಪಾಸಿನಲ್ಲಿ ಟ್ಯಾಂಕ್ ತುಂಬಿಸಿದ ಲಾರಿ ಆ ಡೀಸೆಲನ್ನು ಹಾವೇರಿ ದಾಟಿ ಸುಡುತ್ತದೆ. ಆರ್‌ಟಿಒ ನೋಂದಣಿಯೂ ನೆಚ್ಚುವಂಥದ್ದಲ್ಲ, ಗುಜರಿಗೆ ಹೋದ ಗಾಡಿಯೂ ಪಟ್ಟಿಯಲ್ಲಿ ಜೀವಂತ. ಕೊನೆಗೆ ಕೆಲಸಕ್ಕೆ ಬಂದದ್ದು ಪಾರ್ಕಿಂಗ್ ಜಾಗಗಳಲ್ಲಿ ಕೆಎ-25, ಕೆಎ-63 ಗಾಡಿಗಳ ನಂಬರ್ ಪ್ಲೇಟು. ಸರಣಿಯ ಅಕ್ಷರದಿಂದ ಗಾಡಿಯ ವಯಸ್ಸು ಸಿಗುತ್ತದೆ, ವಯಸ್ಸಿನಿಂದ ಬಿಎಸ್-4 ಯಾವುದು, ಬಿಎಸ್-6 ಯಾವುದು ಅನ್ನುವುದು. ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಸ ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿ. ಯಾವ ಅಕ್ಷರ ಯಾವ ವರ್ಷ ಅನ್ನುವ ಕೋಷ್ಟಕಕ್ಕೆ ಎರಡು ತಿಂಗಳು ಹೋಗಿದೆ, ಅದನ್ನು ಇಲ್ಲಿ ಕೊಡುವುದಿಲ್ಲ.

ಈ ವಿಂಗಡಣೆ ಯಾಕೆ ಬೇಕು ಅಂದರೆ, ದೇಶದಲ್ಲೆಲ್ಲ ಹೊಸ ಗಾಡಿಯ ಹೊಗೆಯ ಮಿತಿ ಬಿಗಿಯಾದದ್ದು ಏಪ್ರಿಲ್ 2020ರಲ್ಲಿ, ಬಿಎಸ್-6 ಬಂದಾಗ. ಡೀಸೆಲ್‌ನ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಪಾಲಿಗೆ 50) 10ಕ್ಕೆ ಇಳಿಯಿತು, ಸಾವಿರ ಲೀಟರಿಗೆ 83 ಗ್ರಾಂ ಬರುತ್ತಿದ್ದ ಗಂಧಕದ ಡೈಆಕ್ಸೈಡ್ 17 ಗ್ರಾಂ ಆಯಿತು. ಡೀಸೆಲ್ ಕಾರಿನ ಕಣದ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದದ್ದು 4.5ಕ್ಕೆ ಬಂತು. ರಸ್ತೆಯ ಧೂಳಿಗೆ ಮಾತ್ರ ಯಾವ ಬಿಎಸ್ ಮಿತಿಯೂ ಇಲ್ಲ. ದೇಶದ ಗೆರೆಯನ್ನು ಇಲ್ಲಿಗೆ ಹಾಗೇ ಎಳೆಯಬಾರದು ಅನ್ನುವ ನನ್ನ ಹಟ ಹುಟ್ಟಿದ್ದು ಇದರಿಂದ.

ನಡುವೆ ಹೊಲದಲ್ಲಿ ಸುಡುವ ಹತ್ತಿಕಟ್ಟಿಗೆಯ ಹೊಗೆ ಲೆಕ್ಕ ಹಾಕುವ ಪ್ರಯೋಗ. ಇಷ್ಟು ಬೆಳೆಗೆ ಇಷ್ಟು ಕಟ್ಟಿಗೆ ಉಳಿಯುತ್ತದೆ ಅನ್ನುವ ಕೋಷ್ಟಕದ ಅನುಪಾತ ಹಿಡಿದಾಗ ಒಂದು ಮೂಲ ಅರಳೆಯ ಬೇಲು ಎಣಿಸಿತ್ತು, ಇನ್ನೊಂದು ಬೀಜ ಸಮೇತ ಹತ್ತಿಯ ಕ್ವಿಂಟಲ್. ಬೇಲು 170 ಕೆಜಿ ಅರಳೆ, ಕ್ವಿಂಟಲ್ ಹತ್ತಿಯಲ್ಲಿ ಅರಳೆ ಮೂರನೇ ಒಂದು ಪಾಲು. ಅರಳೆಯ ತೂಕವನ್ನು ಬೀಜ ಸಮೇತ ಹತ್ತಿಯ ತೂಕ ಅಂತ ತಿಳಿದರೆ ಮೂರು ಪಟ್ಟು ತಪ್ಪು. ಬೇಸತ್ತು ಹೊಲದಲ್ಲೇ ಒಂದು ಗುಂಟೆ, 33 ಅಡಿಗೆ 33 ಅಡಿ, ಹಗ್ಗ ಹಾಕಿ ಗಿಡ ಕಿತ್ತು ತೂಗಿಸಿದೆ. ಇಬ್ಬರ ಕೂಲಿ ಎಂಟುನೂರು. ಹಸಿ 40 ಕೆಜಿ ಆಸುಪಾಸು, ಹತ್ತು ದಿನ ಒಣಗಿದ ಮೇಲೆ 27. ನಲವತ್ತರಿಂದ ಗುಣಿಸಿದರೆ ಎಕರೆಗೆ ಒಂದು ಟನ್ ಚಿಲ್ಲರೆ. ಒಣ ಟನ್ ಸುಟ್ಟರೆ ಸುಮಾರು 6 ಕೆಜಿ ಪಿಎಂ2.5 (2.5 ಮೈಕ್ರಾನಿಗಿಂತ ಸಣ್ಣ ಕಣ), 2.7 ಕೆಜಿ ಮೀಥೇನ್. ಇಂಗಾಲದ ಡೈಆಕ್ಸೈಡ್ ಹಾಕಬೇಡಿ, ಅದು ಅದೇ ವರ್ಷದ ಬೆಳೆ ಹೀರಿದ್ದು. ಹೆಚ್ಚು ಜನ ತಪ್ಪುವುದು ಒಲೆಯ ವಿಷಯದಲ್ಲಿ: ಕಟ್ಟಿಗೆಯಲ್ಲಿ ಒಂದು ಪಾಲು ಮನೆಗೆ ಉರುವಲಾಗಿ ಹೋಗುತ್ತದೆ, ಅದನ್ನು ಹೊಲದ ಬೆಂಕಿಗೂ ಮನೆಯ ಒಲೆಗೂ ಎರಡೂ ಕಡೆ ಬರೆಯುತ್ತಾರೆ. ಜೋಳದ ಕಣಿಕೆಯನ್ನಂತೂ ಸುಡುವ ಪಟ್ಟಿಗೆ ಸೇರಿಸಲೇಬಾರದು. ಗದಗ, ನವಲಗುಂದದ ಕಡೆ ಅದು ದನದ ಮೇವು, ಬಣವೆ ಒಟ್ಟಿ ಕಾಯುತ್ತಾರೆ.

ಇನ್ನು ಧೂಳು. ರಸ್ತೆ ಧೂಳಿಗೆ ಅಮೆರಿಕದ ಪರಿಸರ ಸಂಸ್ಥೆಯ ಎಪಿ-42 ಕೈಪಿಡಿಯ ಸೂತ್ರವಿದೆ: 0.62 ಗುಣಿಸು ಹೂಳಿನ ಭಾರದ 0.91 ಘಾತ, ಗುಣಿಸು ವಾಹನಗಳ ಸರಾಸರಿ ತೂಕದ 1.02 ಘಾತ. ಒಂದು ವಾಹನ ಒಂದು ಕಿಲೋಮೀಟರ್ ಓಡಿದರೆ ಏಳುವ ಪಿಎಂ10 (10 ಮೈಕ್ರಾನಿಗಿಂತ ಸಣ್ಣ ಕಣ) ಗ್ರಾಂನಲ್ಲಿ ಬರುತ್ತದೆ. ಹೂಳು ಅಂದರೆ 75 ಮೈಕ್ರಾನ್ ಜರಡಿ ದಾಟಿದ್ದು, ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 3,800 ರೂಪಾಯಿಯ ವ್ಯಾಕ್ಯೂಮ್ ಕ್ಲೀನರ್ ಆರನೇ ಜಾಗಕ್ಕೇ ಸತ್ತಿತು, ಎರೆಮಣ್ಣಿನ ಪುಡಿ ಮೋಟಾರಿಗೆ ಇಳಿದಿತ್ತು. ಆಮೇಲೆ ಮೆತ್ತನೆ ಕಸಬರಿಗೆ, ನಾಲ್ಕಿಂಚಿನ ಪೇಂಟ್ ಬ್ರಷ್, ದಪ್ಪ ಪ್ಲಾಸ್ಟಿಕ್ ಚೀಲ. ಇನ್ನೂರು ರೂಪಾಯಿಯೊಳಗೆ ಮುಗಿಯಿತು. ಹಿತ್ತಾಳೆ ಚೌಕಟ್ಟಿನ ಜರಡಿ 1,800, ಸಣ್ಣ ತಕ್ಕಡಿ 1,300.

ಮೊದಲ ಹನ್ನೆರಡು ಮಾದರಿ ದಂಡ. ರಸ್ತೆಯ ಅಂಚಲ್ಲಷ್ಟೇ ಗುಡಿಸಿದ್ದೆ, ಚದರ ಮೀಟರಿಗೆ ಐವತ್ತು, ಅರವತ್ತು ಗ್ರಾಂ ಬಂತು. ಹೂಳು ಕೂಡುವುದೇ ಅಂಚಿನಲ್ಲಿ, ಗಾಲಿ ಓಡುವಲ್ಲಿ ಅಲ್ಲ. ಈ ದಂಡೆಯಿಂದ ಆ ದಂಡೆವರೆಗೆ ಒಂದು ಮೀಟರ್ ಅಗಲದ ಪಟ್ಟಿ ಪೂರ್ತಿ ಗುಡಿಸಬೇಕು. ಬೆಳಗ್ಗೆ ಐದೂವರೆಯಿಂದ ಆರೂವರೆ ಒಳಗೆ, ಒಬ್ಬ ಕೆಂಪು ಬಾವುಟ ಹಿಡಿದು ನಿಲ್ಲಲೇಬೇಕು. 105 ಡಿಗ್ರಿಯಲ್ಲಿ ಒಣಗಿಸಿ, ಬಿಸಿ ಇರುವಾಗಲೇ ಮುಚ್ಚಳ ಹಾಕಿ, ಆರಿದ ಮೇಲೆ ತೂಗಬೇಕು. ಎರೆಮಣ್ಣು ತೆರೆದಿಟ್ಟರೆ ಗಾಳಿಯ ತೇವ ಕುಡಿಯುತ್ತದೆ, ತಕ್ಕಡಿ ನೋಡುತ್ತಿದ್ದಂತೆ ಏರುತ್ತದೆ. ಜರಡಿಯ ಮೇಲೆ ಕೈ ಆಡಿಸಿ ಹೆಂಟೆ ಒಡೆಯಬಾರದು. ಒಡೆದರೆ ರಸ್ತೆಯಲ್ಲಿ ಇಲ್ಲದ ಹೂಳನ್ನು ನಾವೇ ಹುಟ್ಟಿಸಿದಂತೆ. ಮಸಾರಿ ಮಣ್ಣಿಗೆ ಈ ಕಾಟ ಕಡಿಮೆ.

ಸೂತ್ರದ ಮಳೆ ತಿದ್ದುಪಡಿಯೂ ಇಲ್ಲಿ ಅರ್ಧ ಸತ್ಯ. ಮಳೆ ಬಿದ್ದ ದಿನ ಧೂಳು ಕಡಿಮೆ, ನಿಜ. ಆದರೆ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಎರೆ ಡಾಂಬರಿನ ಮೇಲೆ ಉದುರಿ, ಎರಡು ದಿನದಲ್ಲಿ ಒಣಗಿ ಪುಡಿಯಾದಾಗ ಹೂಳು ಮಳೆಗೆ ಮುಂಚಿಗಿಂತ ಹೆಚ್ಚಿರುತ್ತದೆ. ಮಳೆಯ ನಂತರದ ಮೂರನೇ ದಿನದ ಮಾದರಿ ಬೇರೆಯಾಗಿ ತೆಗೆದಿಡಿ.

ಅನುಮಾನ ಪಟ್ಟವರ ಗಟ್ಟಿ ಆಕ್ಷೇಪ ವಾಹನದ ತೂಕದ್ದು. ಸೂತ್ರ ಕಟ್ಟಿದ್ದು ಸರಾಸರಿ 1.8ರಿಂದ 38 ಟನ್ ಇರುವ ಓಡಾಟಕ್ಕೆ. ಬೈಕು ತುಂಬಿದ ನಮ್ಮ ರಸ್ತೆಯ ಸರಾಸರಿ ಒಂದು ಟನ್ ಹತ್ತಿರ. ಮಾತು ಸರಿಯಾದದ್ದೇ. ಅದಕ್ಕೇ ಒಂದೇ ಬಗೆಯ, ಒಂದೇ ಪ್ರಮಾಣದ ಓಡಾಟವಿರುವ ಎರಡು ರಸ್ತೆ ಆರಿಸಿದೆ. ಅನುಪಾತ ತೆಗೆದಾಗ ತೂಕ ಎರಡೂ ಕಡೆ ಹೊಡೆದು ಹೋಗುತ್ತದೆ. ಒಂದರ ಹೂಳು 1.5 ಗ್ರಾಂ, ಹೊಲದ ದಾರಿ ಕೂಡುವ ಇನ್ನೊಂದರದು 7. ಸೂತ್ರದಂತೆ 0.9 ಗ್ರಾಂ ಮತ್ತು 3.6 ಗ್ರಾಂ, ಅಂದರೆ ನಾಲ್ಕು ಪಟ್ಟು. ತಾಳೆ ನೋಡಲು ಎರಡೂ ರಸ್ತೆಯಿಂದ ಸಮ ದೂರ, ಸಮ ಎತ್ತರದಲ್ಲಿ ನೀರು ಹಾಕಿದ ಅಗಲ ಬಾಯಿಯ ಡಬ್ಬಿ ಇಟ್ಟು ಮೂವತ್ತು ದಿನ ಬೀಳುವ ಧೂಳು ಹಿಡಿದೆ. ರಸ್ತೆಯಿಂದ ದೂರದ ಮೂರನೇ ಡಬ್ಬಿಯದನ್ನು ಎರಡರಿಂದಲೂ ಕಳೆದೆ. ಅಗ್ಗದ ಲೇಸರ್ ಸೆನ್ಸರ್ ಇದಕ್ಕೆ ಆಗುವುದಿಲ್ಲ, ದಪ್ಪ ಕಣ ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಮೊದಲ ತಿಂಗಳು ಡಬ್ಬಿಯಲ್ಲಿ ಪಾಚಿ, ಕಾಗೆಯ ಹಿಕ್ಕೆ, ಬೇವಿನೆಲೆ. ಎರಡನೇ ತಿಂಗಳು ನೀರಿಗೆ ಚಿಟಿಕೆ ಮೈಲುತುತ್ತ, ಬಾಯಿಗೆ ಅಗಲ ಕಣ್ಣಿನ ತಂತಿಬಲೆ, ನಾಲ್ಕು ದಿನಕ್ಕೊಮ್ಮೆ ಭಟ್ಟಿ ಇಳಿಸಿದ ನೀರು.

ಬಂದ ಅನುಪಾತ ಮೂರೂವರೆ. ನಾಲ್ಕಕ್ಕೆ ಮೂರೂವರೆ, ಕಸಬರಿಗೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ತಾಳೆ ನಾನು ಕೇಳುವುದಿಲ್ಲ. ಸತ್ತ ವ್ಯಾಕ್ಯೂಮ್ ಸೇರಿ ಒಟ್ಟು ಹದಿನಾಲ್ಕು ಸಾವಿರ ಆಗಿರಬಹುದು. ಅನುಪಾತದಿಂದ ಒಟ್ಟು ಟನ್ನಿಗೆ ಹೋಗಲು ಹಗುರ ವಾಹನಕ್ಕೊಂದು ತಿದ್ದುಪಡಿ ಗುಣಕ ಹಾಕುತ್ತಿದ್ದೇನೆ, ಇನ್ನೊಂದು ಬೇಸಿಗೆ ಪರೀಕ್ಷಿಸುವವರೆಗೆ ಅದು ನನ್ನ ಹಾಳೆಯಲ್ಲೇ ಇರಲಿ. ಮುಂದಿನ ಸರದಿ ಅಕ್ಟೋಬರಿನದು, ಹತ್ತಿಗಾಡಿಗಳು ರಸ್ತೆಗೆ ಇಳಿಯುವ ಮುಂಚೆ ಅದೇ ಎರಡು ಪಟ್ಟಿ ಮತ್ತೆ ಗುಡಿಸಬೇಕು.